ಎಡಭುಜದ ಕ್ಲಿಪ್ಪು

ನೀರಿಗಿಳಿದವರಿಗೆ ಚಳಿಯೇನು ಮಳೆಯೇನು ಎಂದು ಗಾದೆ ಕಟ್ಟಿದವನು ಜನ್ಮದಲ್ಲಿ ನೀರಿಗಿಳಿದವನಲ್ಲ. ಇಳಿದಿದ್ದರೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದ. ನಮ್ಮ ಜಲಾಶಯದ ತಳದಲ್ಲಿ ಬೇಸಿಗೆಯಲ್ಲೂ ಹಲ್ಲು ಕಟಕಟ ಅನ್ನುತ್ತದೆ, ಕಣ್ಣಿದ್ದೂ ಕುರುಡು. ಊರಿಗೆ ನೀರು ಒಯ್ಯುವ ದೊಡ್ಡ ಕೊಳವೆಯ ಬಾಯಿಗೆ ಅಲ್ಲೊಂದು ಕಬ್ಬಿಣದ ಜಾಲರಿ ಇದೆ. ಅದಕ್ಕೆ ಅಂಟಿದ ಪಾಚಿ, ಕೊಂಬೆ, ಪ್ಲಾಸ್ಟಿಕ್ ಚೀಲ, ಒಮ್ಮೊಮ್ಮೆ ಯಾರದೋ ಚಪ್ಪಲಿ, ಎಲ್ಲವನ್ನೂ ತಡಕಿ ತಡಕಿ ಬಿಡಿಸುವುದು ನಮ್ಮ ಕೆಲಸ. ಬೆನ್ನ ಮೇಲೆ ಗಾಳಿಯ ಸಿಲಿಂಡರು, ಬಾಯಲ್ಲಿ ಅದರ ಹೋಸಿನ ಮೌತ್‌ಪೀಸು. ಟಾರ್ಚು ಹಾಕಿದರೆ ಕೆಸರು ಇನ್ನಷ್ಟು ಚೆನ್ನಾಗಿ ಕಾಣುತ್ತದೆ, ಅಷ್ಟೇ. ಅಲ್ಲಿ ಕೈಯೇ ಕಣ್ಣು.

ನಮ್ಮ ಕೆಲಸ ಅಂದೆನಲ್ಲ, ಹಾಗೆ ಅನ್ನುವ ಹಕ್ಕು ನನಗೆ ಚಳಿಗಾಲದಿಂದ ಇರಲಿಲ್ಲ. ಒಬ್ಬೊಬ್ಬರೇ ನೀರಿಗಿಳಿಯಬಾರದು ಎಂಬುದು ಇಲ್ಲಿಯ ನಿಯಮ. ಜೋಡಿ ಇದ್ದರೆ ನೀರು, ಇಲ್ಲದಿದ್ದರೆ ದಡದ ಮೇಲಿನ ಸ್ಟೋರು. ಅಕ್ಕ ಹೋದ ಮೇಲೆ ನನ್ನನ್ನು ಸ್ಟೋರಿನಲ್ಲಿ ಕೂರಿಸಿದರು. ಒದ್ದೆ ಜಾಕೆಟ್ಟು ಒಣಹಾಕುವುದು, ಹೋಸು ತೊಳೆಯುವುದು, ರಬ್ಬರು ಬಿರುಕು ಬಿಟ್ಟಿದೆಯಾ ಎಂದು ಬಗ್ಗಿಸಿ ನೋಡುವುದು. ಕೆಲಸಕ್ಕೇನೂ ಬರವಿರಲಿಲ್ಲ. ಆದರೆ ಬೆಳಗ್ಗೆ ಬಂದವರು ಸಾಮಾನು ತಗೊಂಡು ಜೋಡಿ ಜೋಡಿಯಾಗಿ ದೋಣಿ ಹತ್ತಿ ಹೋಗುವಾಗ, ಕೌಂಟರಿನ ಈಚೆ ನಿಂತ ನಾನು ಒಂಟಿ ಚಪ್ಪಲಿಯ ಹಾಗೆ ಆಗಿಬಿಡುತ್ತಿದ್ದೆ. ಕಾಲಿಗೂ ಹಾಕುವ ಹಾಗಿಲ್ಲ, ಬಿಸಾಡುವ ಹಾಗೂ ಇಲ್ಲ.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ನನ್ನ ವಾರಗಿತ್ತಿ. ಗಂಡನ ಅಣ್ಣನ ಹೆಂಡತಿ. ಅಣ್ಣತಮ್ಮಂದಿರಿಬ್ಬರೂ ಇದೇ ಜಲಾಶಯದ ಮುಳುಗುಗಾರರಾಗಿದ್ದರು. ಜನ ಸಾಲದೆ ಬಂದಾಗ ಹೆಂಡತಿಯರಿಗೂ ಮುಳುಗುವುದನ್ನು ಕಲಿಸಿದರು. ಆಮೇಲೆ ಭಾವ ತೀರಿಕೊಂಡರು. ನನ್ನ ಗಂಡ ಹಡಗಿನ ಕೆಲಸ ಅಂತ ಹೋದವನು ಮೊದಮೊದಲು ಫೋನು ಮಾಡುತ್ತಿದ್ದ, ಬರಬರುತ್ತಾ ಅದನ್ನೂ ಬಿಟ್ಟ. ಮಕ್ಕಳು ಅವಳಿಗೂ ಇಲ್ಲ, ನನಗೂ ಇಲ್ಲ. ಉಳಿದದ್ದು ಒಂದು ಮನೆ, ಒಂದು ಒಲೆ, ಎರಡು ಜಡೆ.

ಎರಡು ಜಡೆ ಒಂದೆಡೆ ಸೇರಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ನಮ್ಮಲ್ಲಿ ಎತ್ತು ಯಾರು, ಕೋಣ ಯಾರು ಎಂಬುದಕ್ಕೇ ಜಗಳ. ನಲ್ಲಿ ಸರಿಯಾಗಿ ತಿರುಗಿಸಲಿಲ್ಲ, ಹಾಲು ಉಕ್ಕಿಸಿದೆ, ಒದ್ದೆ ಟವೆಲ್ಲು ಕುರ್ಚಿಯ ಮೇಲೆ ಎಸೆದೆ. ಬೆಳಗ್ಗೆ ಮನೆಯಿಂದ ಹೊರಟಾಗ ಶುರುವಾದದ್ದು ದೋಣಿ ಹತ್ತುವವರೆಗೂ ನಡೆಯುತ್ತಿತ್ತು. ಮೌತ್‌ಪೀಸು ಕಚ್ಚಿಕೊಂಡ ಮೇಲೆ ಗತ್ಯಂತರವಿಲ್ಲದೆ ಇಬ್ಬರ ಬಾಯಿಯೂ ನಿಲ್ಲುತ್ತಿತ್ತು. ನಮ್ಮ ಮೇಸ್ತ್ರಿ, ಅಂದರೆ ದೋಣಿಯಲ್ಲಿ ಹಗ್ಗ ಹಿಡಿದು ಕೂರುವ ದಪ್ಪನೆಯ ಮನುಷ್ಯ, "ಇವರಿಬ್ಬರು ಬದುಕಿರೋದೇ ನೀರೊಳಗೆ ಮಾತಾಡೋಕೆ ಆಗಲ್ಲ ಅನ್ನೋ ಕಾರಣಕ್ಕೆ" ಅನ್ನುತ್ತಿದ್ದ. ಅವನು ಹೇಳಿದ್ದರಲ್ಲಿ ಸುಳ್ಳೇನಿಲ್ಲ.

ಕ್ಲಿಪ್ಪಿನ ವಿಷಯ ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಯಾರಿಗೂ ತಿಳಿಯುವುದಿಲ್ಲ. ಒಬ್ಬೊಬ್ಬರ ಸಿಲಿಂಡರಿನಿಂದಲೂ ಎರಡು ಹೋಸು ಹೊರಡುತ್ತವೆ. ಒಂದು ನಮ್ಮ ಬಾಯಿಗೆ. ಇನ್ನೊಂದು ಜೊತೆಯವರಿಗೆ, ಅವರ ಗಾಳಿ ಕೈಕೊಟ್ಟರೆ ಇರಲಿ ಅಂತ. ಈ ಎರಡನೆಯದು ಸುಮ್ಮನೆ ನೇತಾಡಿಕೊಂಡಿದ್ದರೆ ಜಾಲರಿಗೆ ಸಿಕ್ಕಿಕೊಳ್ಳುತ್ತದೆ, ಕೆಸರು ತುಂಬಿಕೊಳ್ಳುತ್ತದೆ. ಅದಕ್ಕೆ ಅದರ ತುದಿಗೊಂದು ಕ್ಲಿಪ್ಪು ಕಟ್ಟಿ, ಜಾಕೆಟ್ಟಿನ ಭುಜದ ಕೆಳಗಿರುವ ಉಂಗುರಕ್ಕೆ ಸಿಕ್ಕಿಸುತ್ತೇವೆ. ಕ್ಲಿಪ್ಪನ್ನು ಹೋಸಿಗೆ ತಂತಿಯಿಂದ ಬಿಗಿಯುವ ಹಾಗಿಲ್ಲ, ದಾರದಿಂದಲೇ ಕಟ್ಟಬೇಕು. ಕೆಲಸ ಮಾಡುವಾಗ ಆ ದಾರ ಬಿಡಬಾರದು. ಗಾಳಿ ಬೇಕಾದವಳು ಕತ್ತಲಲ್ಲಿ ಹಿಡಿದೆಳೆದರೆ ಒಂದೇ ಏಟಿಗೆ ಹರಿದು, ಹೋಸು ಅವಳ ಕೈಗೆ ಬರಬೇಕು.

ಒಂದೇ ಏಟು ಅಂದರೆ ಯಾರ ಏಟು? ಒಬ್ಬೊಬ್ಬರ ಕಸುವು ಒಂದೊಂದು ಥರ. ಹಾಗಾಗಿ ನಮ್ಮ ತಂಡದಲ್ಲಿ ಒಂದು ಪದ್ಧತಿ. ನಿನ್ನ ಕ್ಲಿಪ್ಪನ್ನು ನೀನು ಕಟ್ಟಿಕೊಳ್ಳಬಾರದು. ಅದನ್ನು ಎಳೆಯಬೇಕಾದ ಕೈಯೇ ಅದನ್ನು ಕಟ್ಟಬೇಕು. ನನ್ನ ಹೋಸಿನ ಕ್ಲಿಪ್ಪು ಕಟ್ಟುತ್ತಿದ್ದವಳು ಅಕ್ಕ, ಅವಳದ್ದು ಕಟ್ಟುತ್ತಿದ್ದವಳು ನಾನು. ದಾರ ಸುತ್ತಿ, ಗಂಟು ಬಿಗಿದು, ಉಳಿದ ತುದಿಯನ್ನು ಲೈಟರಿನಿಂದ ಸುಟ್ಟು, ಬಿಸಿಯಿರುವಾಗಲೇ ಉಗುಳು ಹಚ್ಚಿದ ಹೆಬ್ಬೆರಳಿನಿಂದ ಒತ್ತಿಬಿಡುವುದು. ಜಗಳವಾಡಿದ ದಿನವೂ ಕಟ್ಟುತ್ತಿದ್ದೆವು. ಜಗಳವಾಡದ ದಿನ ಅಂತ ಒಂದಿತ್ತೋ ಇಲ್ಲವೋ ನೆನಪಿಲ್ಲ. ನನ್ನ ಗಂಟುಗಳು ಚೆನ್ನಾಗಿ ಕೂರುತ್ತವೆ ಅಂತ ತಂಡದವರು ನನ್ನನ್ನು ಗಂಟಮ್ಮ ಅಂತಲೇ ಕರೆಯುತ್ತಿದ್ದರು. ಮುಖ ನೋಡಿ ಇಟ್ಟ ಹೆಸರು ಅದು ಅಂತ ಅಕ್ಕ ಹೇಳುತ್ತಿದ್ದಳು.

ಅಕ್ಕ ಎಡಚಿ. ತಂಡದಲ್ಲಿ ಎಲ್ಲರ ಕ್ಲಿಪ್ಪೂ ಬಲಭುಜದ ಕೆಳಗೆ, ಅವಳದೊಂದು ಎಡಭುಜದ ಕೆಳಗೆ. ಬಲಗಡೆ ಏನಾದರೂ ತೂಗಾಡುತ್ತಿದ್ದರೆ ಕೆಲಸವೇ ಆಗುವುದಿಲ್ಲ ಅಂತ ಹಟ ಹಿಡಿದಿದ್ದಳು. ಎಡಚಿಯ ಜೊತೆ ಯಾರು ಇಳಿಯುತ್ತಾರೆ, ಕತ್ತಲಲ್ಲಿ ಕೈ ಎಲ್ಲಿಗೆ ಹಾಕುವುದು ಅಂತ ಮಿಕ್ಕವರು ಹಿಂದೆ ಸರಿದಾಗ, ಮನೆಯವಳು ಅನ್ನುವ ಕರ್ಮಕ್ಕೆ ನಾನು ಇಳಿದೆ. ಅಂದಿನಿಂದ ನನ್ನ ಕೈ ಅವಳ ಎಡಭುಜಕ್ಕೇ ಹೋಗಿ ಅಭ್ಯಾಸ. ಬೇರೆಯವರ ಜೊತೆ ನಾನು ಇಳಿದದ್ದೇ ಇಲ್ಲ.

ಅವಳಿಗೆ ಕಾಯಿಲೆ ಬಂದದ್ದು ಡಾಕ್ಟರಿಗಿಂತ ಮೊದಲು ನನಗೆ ಗೊತ್ತಾಯಿತು. ನನ್ನ ಕ್ಲಿಪ್ಪು ಜಾಲರಿಗೆ ಸ್ವಲ್ಪ ತಗುಲಿದರೂ ಸಾಕು, ದಾರ ಬಿಟ್ಟು ಹೋಸು ಜೋತಾಡತೊಡಗಿತು. ಒಂದು ದಿನ ದೋಣಿಯಲ್ಲೇ ರೇಗಿದೆ. "ಏನಕ್ಕ, ದಾರ ಸುತ್ತೋಕೂ ಸೋಮಾರಿತನವಾ? ಇದೇನು ಗಂಟೋ, ಹೂಮಾಲೆಯೋ?" ಅಕ್ಕ ಜಾಕೆಟ್ಟಿನ ಪಟ್ಟಿ ಬಿಚ್ಚುತ್ತಾ ತಲೆ ಎತ್ತದೆ ಹೇಳಿದಳು, "ಗಂಟು ಸಡಿಲ ಆಗಿಲ್ಲ ಕಣೇ. ಕೈ ಸಡಿಲ ಆಗಿದೆ. ನನ್ನ ಕೈಲಿ ಈಗ ಎಷ್ಟು ಎಳೆಯೋಕೆ ಆಗುತ್ತೋ ಅಷ್ಟೇ ಸುತ್ತಿದೀನಿ." ಆಮೇಲೆ ಆಸ್ಪತ್ರೆ, ಆಮೇಲೆ ಮನೆಯ ಮಂಚ, ಆಮೇಲೆ ಬರಿಯ ಮಂಚ.

ಹೋದವರ ಸಾಮಾನನ್ನು ಏನು ಮಾಡಬೇಕೆಂದು ನನಗೆ ತಿಳಿಯದು. ಬಟ್ಟೆಗಳನ್ನು ಕೊಟ್ಟೆ. ದಿಂಬಿನಲ್ಲಿ ಅವಳ ತಲೆಯ ವಾಸನೆ ಇದೆ ಅಂತ ತೊಳೆಯದೆ ಇಟ್ಟಿದ್ದೆ, ಅದೂ ದಿನ ಕಳೆದಂತೆ ನನ್ನ ತಲೆಯ ವಾಸನೆಯಾಯಿತು. ಅವಳ ದನಿ ಹೇಗಿತ್ತು ಅಂತ ನೆನೆಸಿಕೊಳ್ಳಲು ಹೋದರೆ, ಬೈಗುಳಗಳು ನೆನಪಾಗುತ್ತಿದ್ದವು, ದನಿ ಮಾತ್ರ ನನ್ನದೇ ಇರುತ್ತಿತ್ತು. ನಲ್ಲಿಯನ್ನು ಬೇಕೆಂದೇ ಸಡಿಲ ಬಿಟ್ಟು ನೋಡಿದೆ. ಯಾರೂ ಬೈಯಲಿಲ್ಲ. ನಾನೇ ಎದ್ದು ಹೋಗಿ ತಿರುಗಿಸಿ ಬಂದೆ. ಆ ಮನೆಯಲ್ಲಿ ಜಗಳಕ್ಕೂ ಗತಿಯಿಲ್ಲದಂತಾಯಿತು. ಒಂಟಿತನ ಅಂದರೆ ಮಾತಾಡಲು ಯಾರೂ ಇಲ್ಲದಿರುವುದು ಅಂದುಕೊಂಡಿದ್ದೆ. ಅಲ್ಲ, ನಮ್ಮ ಮೇಲೆ ತಪ್ಪು ಹೊರಿಸಲು ಯಾರೂ ಇಲ್ಲದಿರುವುದು.

ನೀರಿಗೆ ಮರಳಬೇಕು ಎಂದು ನಾನು ಮೇಸ್ತ್ರಿಯ ತಲೆ ತಿನ್ನುತ್ತಿದ್ದದ್ದು ಅದಕ್ಕೇ. ನೀರೊಳಗೆ ಕತ್ತಲಿದ್ದರೂ ಕೈಗೆ ಎಟುಕುವಷ್ಟು ದೂರದಲ್ಲಿ ಇನ್ನೊಬ್ಬರು ಉಸಿರಾಡುತ್ತಿರುತ್ತಾರೆ. ಗುಳ್ಳೆಯ ಸದ್ದು ಕೇಳುತ್ತದೆ. ನನಗೆ ಬೇಕಾಗಿದ್ದದ್ದು ಅಷ್ಟೇ. ಜೋಡಿಯಲ್ಲಿ ಅರ್ಧವಾಗಿ ಲೆಕ್ಕಕ್ಕೆ ಬಂದರೆ ಸಾಕಾಗಿತ್ತು.

"ಜೊತೆ ಸಿಗಲಿ ತಡೀರಿ ಗಂಟಮ್ಮ, ನಿಮ್ಮ ಬಾಯಿಗೆ ಹೆದರದೆ ಇರೋರು ಬೇಕಲ್ಲ" ಅನ್ನುತ್ತಿದ್ದ ಮೇಸ್ತ್ರಿ. ಕೊನೆಗೆ ಒಬ್ಬಳು ಬಂದಳು. ಮೂವತ್ತೈದರ ಆಸುಪಾಸಿನವಳು, ತೆಳ್ಳಗೆ, ಎತ್ತರಕ್ಕೆ. ಹಿಂದೆ ದೊಡ್ಡದೊಂದು ಮೀನುಮನೆಯಲ್ಲಿ, ಜನ ಟಿಕೆಟ್ಟು ತಗೊಂಡು ಮೀನು ನೋಡುವಂಥ ಜಾಗದಲ್ಲಿ, ಗಾಜಿನ ತೊಟ್ಟಿಯೊಳಗಿಳಿದು ಗೋಡೆ ಉಜ್ಜುತ್ತಿದ್ದಳಂತೆ. ಅದು ಮುಚ್ಚಿತಂತೆ. ನಾನು ಅವಳನ್ನು ಹೊಸಬಳು ಅಂತಲೇ ಕರೆದೆ.

"ಮೇಡಂ, ನನ್ನ ಹೋಸು ಎಲ್ಲಿ ಇಡ್ಲಿ?" ಎಂದಳು ಬಂದವಳೇ.

"ನಾನೇನು ಶಾಲೆ ನಡೆಸ್ತಿದೀನಾ? ಮೇಡಂ ಅಂತೆ."

"ಹಾಗಾದ್ರೆ ಅಕ್ಕ ಅನ್ನಲಾ?"

"ಅದು ಬೇಡ" ಅಂದೆ. ಎಷ್ಟು ಜೋರಾಗಿ ಅಂದೆನೆಂದರೆ ಅವಳು ಕೈಯಲ್ಲಿದ್ದ ಹೋಸನ್ನು ಕೆಳಗಿಟ್ಟಳು. ನಾನು ತಡಬಡಿಸಿ, "ಚಿಕ್ಕಮ್ಮ ಅನ್ನು, ಸಾಕು" ಅಂದೆ. ಅವಳು ತಲೆಯಾಡಿಸಿದಳು. ಹೆದರಿದವಳ ಹಾಗೆ ಕಾಣಲಿಲ್ಲ, ಬೈಸಿಕೊಂಡು ಅಭ್ಯಾಸವಿದ್ದವಳ ಹಾಗೆ ಕಂಡಳು. ಅದು ನನಗೆ ಇಷ್ಟವಾಯಿತು, ಆದರೆ ಹೇಳಲಿಲ್ಲ.

ಹೊಸ ಜೋಡಿಗೆ ಒಂದು ಪರೀಕ್ಷೆ ಇರುತ್ತದೆ. ಇಬ್ಬರೂ ಜಾಲರಿಯ ಬುಡಕ್ಕಿಳಿಯಬೇಕು. ಮೇಸ್ತ್ರಿ ಮೇಲಿನಿಂದ ಹಗ್ಗ ಜಗ್ಗಿದಾಗ ಒಬ್ಬಳು ತನ್ನ ಬಾಯಲ್ಲಿದ್ದುದನ್ನು ತೆಗೆದು, ಗಾಳಿ ಮುಗಿದವಳ ಹಾಗೆ ಜೊತೆಯವಳ ಕ್ಲಿಪ್ಪು ಕಿತ್ತು ಅವಳ ಹೋಸಿನಿಂದ ಉಸಿರಾಡಬೇಕು. ಇನ್ನೊಮ್ಮೆ ಜಗ್ಗಿದಾಗ ಮತ್ತೊಬ್ಬಳ ಸರದಿ. ಪರೀಕ್ಷೆಯ ಬೆಳಗ್ಗೆ ನಾವು ಪರಸ್ಪರರ ಕ್ಲಿಪ್ಪು ಕಟ್ಟಿದೆವು. ಮೀನುಮನೆಯಲ್ಲಿ ಪ್ಲಾಸ್ಟಿಕ್ ಪಟ್ಟಿ ಹಾಕುತ್ತಿದ್ದೆವು ಎಂದು ಅವಳು ಹೇಳಿದಾಗ, ಮೀನುಗಳಿಗೆ ಅದು ಸಾಕಿರಬಹುದು ಎಂದೆ. ಅವಳು ನಕ್ಕಳು. ನಾನೇ ಅವಳ ಬಲಭುಜದ ಕೆಳಗೆ ಕ್ಲಿಪ್ಪು ಸಿಕ್ಕಿಸಿದೆ. ಬಲಭುಜ, ನೆನಪಿರಲಿ, ಎಂದು ನನಗೆ ನಾನೇ ಹೇಳಿಕೊಂಡೆ.

ಇಳಿದೆವು. ಹಸಿರು ಕಂದಾಯಿತು, ಕಂದು ಕಪ್ಪಾಯಿತು. ಜಾಲರಿ ಕೈಗೆ ಸಿಕ್ಕಿತು. ಎಷ್ಟೋ ತಿಂಗಳ ಮೇಲೆ ಪಕ್ಕದಲ್ಲಿ ಗುಳ್ಳೆಯ ಸದ್ದು ಕೇಳಿ, ನೀರೊಳಗೇ ಕಣ್ಣು ತುಂಬಿಬಂತು. ಮೊದಲ ಸಲ ಹಗ್ಗ ಜಗ್ಗಿದಾಗ ಹೊಸಬಳ ಸರದಿ. ಅವಳ ಕೈ ಸರಿಯಾಗಿ ಬಂದು, ನನ್ನ ಕ್ಲಿಪ್ಪು ಕಿತ್ತು, ಹೋಸು ತಗೊಂಡಿತು. ಕೆಟ್ಟ ಕೆಲಸಗಾರ್ತಿಯಲ್ಲ ಅಂದುಕೊಂಡೆ.

ಆಮೇಲೆ ನನ್ನ ಸರದಿ. ಬಾಯಲ್ಲಿದ್ದುದನ್ನು ತೆಗೆದೆ. ಎದೆಯಲ್ಲಿದ್ದ ಗಾಳಿಯನ್ನೆಲ್ಲ ಊದಿ ಹೊರಗೆ ಬಿಟ್ಟು ಕೈ ಚಾಚಿದೆ. ಕೈ ಅವಳ ಎಡಭುಜದ ಕೆಳಗೆ ಹೋಯಿತು. ಅಲ್ಲಿ ಪಟ್ಟಿ ಇತ್ತು, ಬಟ್ಟೆ ಇತ್ತು, ಕ್ಲಿಪ್ಪಿರಲಿಲ್ಲ. ಮತ್ತೆ ತಡಕಿದೆ, ಇಲ್ಲ. ಈಗ ನಾಚಿಕೆಯಾಗುತ್ತದೆ ಹೇಳಲು, ಆದರೆ ಆ ಹೊತ್ತಿನಲ್ಲಿ ನನಗೆ ಬಂದದ್ದು ಹೆದರಿಕೆಯಲ್ಲ, ಸಿಟ್ಟು. ಎಲ್ಲಿ ಬೀಳಿಸಿಕೊಂಡು ಬಂದಿದ್ದಾಳೆ ಈ ಅಕ್ಕ, ಬುದ್ಧಿ ಇದೆಯಾ ಇವಳಿಗೆ, ಮೇಲೆ ಹೋಗಲಿ ಮಾಡ್ತೀನಿ ಅಂತ ಮನಸ್ಸಿನಲ್ಲೇ ಬೈಯುತ್ತಾ ಅದೇ ಜಾಗವನ್ನು ಪರಚಿದೆ. ನನ್ನ ಸ್ವಂತ ಮೌತ್‌ಪೀಸು ನನ್ನ ಗಲ್ಲದ ಹತ್ತಿರವೇ ತೇಲುತ್ತಿತ್ತು. ಅದು ನೆನಪಾಗಲೇ ಇಲ್ಲ. ಎದೆ ಉರಿಯತೊಡಗಿದಾಗ ಒಂದು ಕೈ ನನ್ನ ಮುಂಗೈಯನ್ನು ಹಿಡಿದು, ಮೆಲ್ಲಗೆ ಬಲಭುಜದ ಕಡೆಗೆ ಒಯ್ದು ಕ್ಲಿಪ್ಪಿನ ಮೇಲೆ ಇಟ್ಟಿತು. ಎಳೆದೆ. ಗಾಳಿ ಬಂತು.

ಆ ಕೈಯ ಬೆರಳುಗಳು ಉದ್ದ ಇದ್ದವು. ಅಕ್ಕನ ಬೆರಳುಗಳು ಮೊಂಡು. ಅಕ್ಕ ಇಲ್ಲ ಅಂತ ಅಲ್ಲಿ, ಆ ಕೆಸರಿನ ಕತ್ತಲಲ್ಲಿ, ಇನ್ನೊಂದು ಸಲ ಗೊತ್ತಾಯಿತು.

ಮೇಲೆ ಬಂದಾಗ ಮೇಸ್ತ್ರಿ ಬಗ್ಗಿ ಕೇಳಿದ, "ಏನಾಯ್ತು? ಹೊತ್ತಾಯ್ತಲ್ಲ?"

"ಏನಿಲ್ಲ ಸಾರ್, ಆಯ್ತು" ಎಂದಳು ಹೊಸಬಳು.

"ಏನು ಆಯ್ತು? ಮಣ್ಣಾಯ್ತು" ಅಂದೆ ನಾನು. ಸುಳ್ಳು ಹೇಳಿ ಜೋಡಿ ಮಾಡಿಕೊಳ್ಳುವುದಕ್ಕಿಂತ ಸ್ಟೋರೇ ವಾಸಿ. "ನನ್ನ ಕೈ ತಪ್ಪಿತು. ಎಡಕ್ಕೆ ಹೋಯಿತು. ಇವಳು ಹಿಡಿದುಕೊಂಡು ತೋರಿಸಿದಳು."

ಮೇಸ್ತ್ರಿ ಹಗ್ಗ ಸುತ್ತುವುದನ್ನು ನಿಲ್ಲಿಸಿದ. ಅವನು ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಬೈಯಲಿಲ್ಲ. "ನಾಳೆ ಬೆಳಗ್ಗೆ ಇನ್ನೊಂದು ಸಲ ಇಳೀರಿ" ಎಂದ. "ನಾಳೆಯೂ ಹಾಗೇ ಆದ್ರೆ ಇವಳಿಗೆ ಬೇರೆ ಜೊತೆ ಹಾಕ್ತೀನಿ. ನೀವು ಮತ್ತೆ ನೀರಿನ ಮಾತು ಎತ್ತಬಾರದು, ಗಂಟಮ್ಮ." ಅದರಲ್ಲಿ ಅನ್ಯಾಯವೇನೂ ಇರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು.

ಮಧ್ಯಾಹ್ನ ಸ್ಟೋರಿನಲ್ಲಿ ನಾನು ಹೋಸು ತೊಳೆಯುತ್ತಾ ಇದ್ದೆ. ಎಲ್ಲರೂ ಊಟಕ್ಕೆ ಹೋಗಿದ್ದರು. ಹೊಸಬಳು ತನ್ನ ಜಾಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಳು.

"ಚಿಕ್ಕಮ್ಮ, ನಂದು ಎಡಗಡೆಗೇ ಕಟ್ಟಿಬಿಡಿ."

"ಏನು?"

"ನಿಮ್ಮ ಕೈ ಎಲ್ಲಿ ಹೋಗುತ್ತೋ ಅಲ್ಲೇ ಕಟ್ಟಿ. ಎಳೆಯೋರು ನೀವು ತಾನೇ? ನನಗೇನು, ಎಡ ಆದ್ರೂ ಒಂದೇ, ಬಲ ಆದ್ರೂ ಒಂದೇ."

ಅವಳು ಅದನ್ನು ಎಷ್ಟು ಸಲೀಸಾಗಿ ಹೇಳಿದಳೆಂದರೆ, ಆಯ್ತು ಅನ್ನಲು ನನ್ನ ಬಾಯಿ ತೆರೆದೇ ಬಿಟ್ಟಿತ್ತು. ಎಡಭುಜದಲ್ಲಿ ಕ್ಲಿಪ್ಪು. ನನ್ನ ಕೈಗೆ ಹಳೆಯ ದಾರಿ. ಆದರೆ ನನಗೆ ಜ್ವರ ಬಂದ ದಿನ, ನಾನು ರಜೆ ಹಾಕಿದ ದಿನ ಇವಳು ಬೇರೆಯವರ ಜೊತೆ ಇಳಿಯಬೇಕು. ಅವರ ಕೈ ಬಲಕ್ಕೆ ಹೋಗುತ್ತದೆ. ಅವರು ನನ್ನ ಹಾಗೆ ಬರಿಯ ಬಟ್ಟೆಯನ್ನು ಪರಚುತ್ತಾರೆ. ಎಡಚಿಯ ಜೊತೆ ಯಾರೂ ಇಳಿಯದಿದ್ದದ್ದು ಸುಮ್ಮನೆ ಅಲ್ಲ. ಅಕ್ಕನಿಗೆ ನಾನೊಬ್ಬಳಿದ್ದೆ, ನನಗೆ ಅವಳೊಬ್ಬಳಿದ್ದಳು, ಅದಕ್ಕೆ ನಡೆಯಿತು.

"ನಿನ್ನ ತಲೆ" ಅಂದೆ. "ನನ್ನೊಬ್ಬಳಿಗೋಸ್ಕರ ನಾಳೆ ಇನ್ಯಾರೋ ಸಾಯಲಿ ಅಂತೀಯಾ? ಕ್ಲಿಪ್ಪು ಬಲಕ್ಕೇ ಇರಲಿ. ಕೈಗೆ ಬುದ್ಧಿ ಕಲಿಸೋಣ. ಹಾಕ್ಕೋ ಜಾಕೆಟ್ಟು."

ಅವಳನ್ನು ಸ್ಟೋರಿನ ನಡುವೆ ನಿಲ್ಲಿಸಿದೆ. ಕ್ಲಿಪ್ಪು ಕಟ್ಟಿ ಬಲಭುಜದ ಉಂಗುರಕ್ಕೆ ಸಿಕ್ಕಿಸಿದೆ. ಕಣ್ಣು ಮುಚ್ಚಿ ಕೈ ಚಾಚಿದೆ. ಸರಿಯಾಗಿ ಬಲಕ್ಕೆ ಹೋಯಿತು. ಹೊಸಬಳು "ಬಂತಲ್ಲ!" ಎಂದಳು.

"ಏನೂ ಬಂದಿಲ್ಲ. ತಲೆ ಹೇಳಿತು, ಕೈ ಕೇಳಿತು. ಕೆಳಗೆ ತಲೆ ಎಲ್ಲಿರುತ್ತೆ?" ಎಂದೆ. ತಲೆ ಇಲ್ಲದ ಹೊತ್ತಿನಲ್ಲಿ ಕೈ ಎಲ್ಲಿಗೆ ಹೋಗುತ್ತದೆಯೋ ಅದೇ ಲೆಕ್ಕ. ಹಾಗಾಗಿ ಉಸಿರನ್ನೆಲ್ಲ ಹೊರಗೆ ಊದಿ, ಮೂಗು ಹಿಡಿದುಕೊಂಡು, ಕಿವಿಯಲ್ಲಿ ಗುಂಯ್ ಅನ್ನುವವರೆಗೆ ನಿಂತೆ. ಇನ್ನು ಆಗದು ಅನ್ನಿಸಿದಾಗ ಕೈ ಹಾಕಿದೆ. ಎಡಕ್ಕೆ ಹೋಯಿತು.

ಇನ್ನೊಂದು ಸಲ. ಎಡಕ್ಕೆ. ಮತ್ತೂ ಒಂದು ಸಲ. ಎಡಕ್ಕೆ. ಬಿಟ್ಟ ಬಾಣದ ಹಾಗೆ ಹೋಗುತ್ತಿತ್ತು ನನ್ನ ಕೈ, ಅನುಮಾನವೇ ಇಲ್ಲ. ಊಟ ಮುಗಿಸಿ ಬಂದವರು ಬಾಗಿಲಲ್ಲಿ ಇಣುಕಿ, ಏನಿದು ಗಂಟಮ್ಮ ಕಣ್ಣಾಮುಚ್ಚಾಲೆ ಎಂದು ನಕ್ಕು ಹೋದರು. ನಾನು ಉರಿದುಬಿದ್ದೆ. ಹೊಸಬಳ ಮೇಲೂ ರೇಗಿದೆ. "ನೆಟ್ಟಗೆ ನಿಲ್ಲು. ಸೊಟ್ಟ ನಿಂತರೆ ಕೈ ಸೊಟ್ಟ ಹೋಗುತ್ತೆ." ಅವಳು ನೆಟ್ಟಗೇ ನಿಂತಿದ್ದಳು. ಕುಣಿಯಲಾರದವಳು ನೆಲ ಡೊಂಕು ಎಂದಳು, ಅಷ್ಟೇ. ಹೊಸಬಳು ಪ್ರತಿ ಸಲವೂ "ಇನ್ನೊಂದ್ಸಲ ಚಿಕ್ಕಮ್ಮ" ಎಂದಳು. ಅವಳ ಕಾಲು ನೋಯುತ್ತಿರಬೇಕು. ಒಮ್ಮೆ ನನ್ನ ಉಗುರು ತಾಗಿ ಅವಳ ಕತ್ತಿನ ಹತ್ತಿರ ಕೆಂಪು ಗೀರು ಬಿತ್ತು. ಅದನ್ನೂ ಒರೆಸಿಕೊಂಡು ನಿಂತಳು.

"ನಿನಗೆ ಮನೆಗೆ ಹೋಗೋದು ಬೇಡವಾ?" ಎಂದೆ.

"ಯಾರಿದಾರೆ ಅಲ್ಲಿ?" ಎಂದಳು.

ಬಿಸಿಲು ಕಿಟಕಿಯಿಂದ ಇಳಿದು ಗೋಡೆಯ ಜಾಕೆಟ್ಟುಗಳ ಮೇಲೆ ಬಂತು. ನನ್ನ ತಲೆ ತಿರುಗುತ್ತಿತ್ತು. ಕುಳಿತು ನೀರು ಕುಡಿದೆ, ಮತ್ತೆ ಎದ್ದೆ. ಉಸಿರು ಹೊರಗೆ ಬಿಟ್ಟೆ. ಹೊರಗೆ ಯಾರೋ ದೋಣಿಯನ್ನು ದಡಕ್ಕೆ ಎಳೆಯುತ್ತಿದ್ದರು, ತಳ ಕಲ್ಲಿಗೆ ಉಜ್ಜುವ ಸದ್ದು ಬರುತ್ತಿತ್ತು. ಹಾಗೆ ಎಳೆದರೆ ಬಣ್ಣ ಹೋಗುತ್ತದೆ, ಈ ದಂಡಪಿಂಡಗಳಿಗೆ ಎಷ್ಟು ಸಲ ಹೇಳುವುದು ಅಂತ ನಾನು ಮನಸ್ಸಿನಲ್ಲಿ ಬೈಯುತ್ತಿದ್ದೆ. ಉಸಿರು ಮುಗಿಯಿತು. ಕೈ ಹೋಯಿತು. ಚಟ್ ಅಂತ ದಾರ ಹರಿದ ಸದ್ದು ಕೇಳಿ ಕಣ್ಣು ಬಿಟ್ಟೆ. ಹೋಸು ನನ್ನ ಕೈಯಲ್ಲಿತ್ತು.

"ಬಂತು! ಚಿಕ್ಕಮ್ಮ, ಬಂತು!" ಹೊಸಬಳು ಚಪ್ಪಾಳೆ ತಟ್ಟಿದಳು.

ನಾನು ಕೈಯಲ್ಲಿದ್ದ ಹೋಸನ್ನು ನೋಡಿದೆ. ಆಮೇಲೆ ಅಲ್ಲೇ, ಒದ್ದೆ ನೆಲದ ಮೇಲೆ, ಕೂತುಬಿಟ್ಟೆ. ಆಸ್ಪತ್ರೆಯಲ್ಲಿ ಅಳಲಿಲ್ಲ ನಾನು. ಅಕ್ಕನ ಬಟ್ಟೆ ಕೊಟ್ಟ ದಿನವೂ ಅಳಲಿಲ್ಲ. ಕಲ್ಲು ಕಣ್ಣಿನವಳು ಅಂತ ಅಕ್ಕಪಕ್ಕದವರು ಆಡಿಕೊಂಡದ್ದು ನನ್ನ ಕಿವಿಗೆ ಬಿದ್ದಿತ್ತು. ಈಗ ಅದೆಲ್ಲಿತ್ತೋ, ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲದಂತೆ ಬಂತು.

ಹೊಸಬಳು ಗಾಬರಿಯಾಗಿ ಪಕ್ಕದಲ್ಲಿ ಕುಕ್ಕರಿಸಿದಳು. "ಸರಿಯಾಯ್ತಲ್ಲ ಚಿಕ್ಕಮ್ಮ. ಯಾಕೆ ಅಳ್ತೀರಿ?"

"ಸರಿಯಾಯ್ತು. ಅದಕ್ಕೇ ಅಳ್ತಿದೀನಿ."

ಅವಳಿಗೆ ತಿಳಿಯಲಿಲ್ಲ. ತಿಳಿಸಿ ಹೇಳುವ ಸಹನೆ ನನ್ನ ಜಾಯಮಾನವಲ್ಲ, ಆದರೂ ಹೇಳಿದೆ. "ಅಕ್ಕ ಸತ್ತಳು ಅಂತ ಮನೆಗೆ ಗೊತ್ತಿತ್ತು, ಮೇಸ್ತ್ರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಈ ಕೈಯೊಂದಕ್ಕೆ ಯಾರೂ ಹೇಳಿರಲಿಲ್ಲ. ಇದು ಇನ್ನೂ ಅವಳ ಹತ್ತಿರ ಹೋಗಿ ಬರ್ತಾ ಇತ್ತು. ಇವತ್ತು ನಾನೇ ಕೂರಿಸಿಕೊಂಡು ಹೇಳಿಬಿಟ್ಟೆ."

ಸಮಾಧಾನ ಹೇಳಲು ಬಂದಿದ್ದರೆ ಅಟ್ಟುತ್ತಿದ್ದೆ. ಹೊಸಬಳು ಉಂಗುರದಲ್ಲಿ ಉಳಿದಿದ್ದ ಕ್ಲಿಪ್ಪನ್ನು ಬಿಚ್ಚಿ, ಹರಿದ ದಾರದ ಚೂರನ್ನು ಕಿತ್ತು ಹಾಕಿ, ಕ್ಲಿಪ್ಪನ್ನು ನನ್ನ ಮುಂದೆ ಇಟ್ಟಳು. ನಾನು ಮೂಗು ಒರೆಸಿಕೊಂಡು ಹೊಸ ದಾರ ಕತ್ತರಿಸಿದೆ. ಸುತ್ತಿದೆ, ಬಿಗಿದೆ, ತುದಿ ಸುಟ್ಟೆ. 'ನಿಲ್ಲು' ಅಂದೆ. ಉಸಿರು ಬಿಟ್ಟೆ, ಕಾದೆ, ಕೈ ಹಾಕಿದೆ. ಬಲಕ್ಕೆ ಹೋಯಿತು. ಮತ್ತೆ ಕಟ್ಟಿದೆ. ಮತ್ತೆ ಬಲಕ್ಕೇ ಹೋಯಿತು. ಕಲಿಯುವವರೆಗೆ ಅಷ್ಟು ಹಟ ಮಾಡಿದ ಕೈ, ಕಲಿತ ಮೇಲೆ ಒಂದು ಸಲವೂ ಹಿಂದಿರುಗಿ ನೋಡಲಿಲ್ಲ.

"ನಾಳೆ ಆಗುತ್ತೆ ಅಂತ ಮೇಸ್ತ್ರಿಗೆ ಹೇಳಿ ಬರ್ತೀನಿ" ಎಂದು ಹೊಸಬಳು ಜಾಕೆಟ್ಟು ಬಿಚ್ಚಿಟ್ಟು ಹೊರಗೆ ಓಡಿದಳು. ಅವಳ ಹೆಜ್ಜೆಯಲ್ಲಿ ಸಂತೋಷವಿತ್ತು. ಅವಳಿಗೂ ಜೊತೆ ಸಿಕ್ಕಿತ್ತು, ಪಾಪ. ನನಗೂ ಸಿಕ್ಕಿತ್ತು, ಇಲ್ಲ ಅನ್ನುವುದಿಲ್ಲ. ನಾಳೆ ಬೆಳಗ್ಗೆ ನಾನು ದೋಣಿ ಹತ್ತುತ್ತೇನೆ.

ಸ್ಟೋರಿನಲ್ಲಿ ಯಾರೂ ಇರಲಿಲ್ಲ. ಬಾಗಿಲು ಓರೆ ಮಾಡಿ, ನಡುವೆ ಬಂದು ನಿಂತೆ. ಕಣ್ಣು ಮುಚ್ಚಿದೆ. ಅಕ್ಕ ನನಗಿಂತ ಗೇಣುದ್ದ ಕುಳ್ಳಿ. ಅವಳು ಎದುರಿಗೆ ನಿಂತಿದ್ದರೆ ಭುಜ ಎಲ್ಲಿರುತ್ತಿತ್ತು ಎಂದು ಅಂದಾಜು ಮಾಡಿ, ಅವಳ ಎಡಗಡೆಗೆ ಕೈ ಚಾಚಿದೆ. ಕೈ ಹೋಯಿತು. ಆದರೆ ನಾನು ಕಳಿಸಿದ್ದಕ್ಕೆ ಹೋಯಿತು.